ಓಪಿಡಿಯಿಂದ ಜರ್ನಲ್‌ವರೆಗೆ: ನಮ್ಮ ಕಡೆಯ ಚರ್ಮದ ಕೇಸುಗಳನ್ನ ದಾಖಲಿಸಿ, ಬರೆದು, ಕಳಿಸೋ ಸಮಗ್ರ ಮಾರ್ಗದರ್ಶಿ

ವರ್ಷಾವರ್ಷ ಒಂದೇ ತಪ್ಪು ನೋಡ್ತಾ ಇದೀನಿ. ಪಿಜಿ (ಚರ್ಮರೋಗದಲ್ಲಿ ಸ್ನಾತಕೋತ್ತರ ಓದ್ತಿರೋ ಡಾಕ್ಟರು) ಒಬ್ರು ಖುಷಿಯಾಗಿ ಬರ್ತಾರೆ, ಮೇಡಂ ಒಳ್ಳೆ ಕೇಸು ಸಿಕ್ಕಿದೆ ಪಬ್ಲಿಷ್ ಮಾಡೋಣ ಅಂತ. ಕೇಸು ನಿಜಕ್ಕೂ ಒಳ್ಳೇದೇ ಇರುತ್ತೆ. ಫೋಟೋ ಎಲ್ಲಪ್ಪ ಅಂದ್ರೆ ವಾಟ್ಸಾಪಲ್ಲಿ ಬಂದಿರೋದು, ಫ್ಲ್ಯಾಶ್ ಬಿದ್ದು ಅರ್ಧ ಬೆಳ್ಳಗಾಗಿರೋದು. ಒಪ್ಪಿಗೆ ಪತ್ರ ಎಲ್ಲಿ ಅಂದ್ರೆ ಪೇಷಂಟು ಆಗಲೇ ನಾಗಮಂಗಲಕ್ಕೆ ವಾಪಸ್ ಹೋಗಿಯಾಗಿದೆ, ಕೊಟ್ಟಿರೋ ನಂಬರು ಮಗಂದು, ಅದೂ ಸ್ವಿಚ್ ಆಫ್. ಇನ್ನು ಕೇಸ್ ಶೀಟಲ್ಲಿ ಬರೆದಿರೋದು ನೋಡಿದ್ರೆ ಬಿಳಿಯರ ಚರ್ಮ ನೋಡಿ ಬರೆದ ಪುಸ್ತಕದಿಂದ ಎತ್ತಿಟ್ಟ ಹಾಗೆ "ಗುಲಾಬಿ ಬಣ್ಣದ ಪ್ಯಾಚುಗಳು" ಅಂತ, ಪೇಷಂಟಿನ ಮೈ ಮೇಲೆ ಗುಲಾಬಿ ಅನ್ನೋ ಬಣ್ಣವೇ ಇಲ್ಲ.

ಚರ್ಮರೋಗದ ಪುಸ್ತಕ, ಜರ್ನಲ್ ಎಲ್ಲದರಲ್ಲೂ ಕಂದು-ಕಪ್ಪು ಚರ್ಮದ ಚಿತ್ರ ಕಮ್ಮಿ, ಹಳ್ಳಿಯವರು ಕಮ್ಮಿ, ಕೂಲಿ ಮಾಡೋ ಹೆಂಗಸರಂತೂ ಇನ್ನೂ ಕಮ್ಮಿ. ಈ ಕೊರತೆನ ಪೇಪರಿನ ಕೊನೆಯಲ್ಲಿ ಒಂದು ಪ್ಯಾರಾ ಬರೆದು ತುಂಬೋಕಾಗಲ್ಲ. ಕೇಸು ಕಂಡ ದಿನ ಓಪಿಡಿ ಟೇಬಲ್ ಹತ್ರ ಏನು ಮಾಡ್ತೀವಿ ಅನ್ನೋದ್ರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತೆ. ಅದಕ್ಕೆ ಇಲ್ಲಿ ಕ್ರಮ ಮುಖ್ಯ, ದಯವಿಟ್ಟು ಹಂತ ಹಾರಿಸ್ಬೇಡಿ. ಮೈಸೂರು, ಮಂಡ್ಯ ಕಡೆ ಇರೋ ಪಿಜಿಗಳು, ತಾಲ್ಲೂಕು ಆಸ್ಪತ್ರೆ ಡಾಕ್ಟರುಗಳು ಇಬ್ಬರನ್ನೂ ಮನಸಲ್ಲಿಟ್ಟು ಬರೀತಿದೀನಿ.

## ಮೊದಲೇ ಜೋಡಿಸಿಟ್ಕೊಳ್ಳಬೇಕಾದ ಸಾಮಾನು

ದುಬಾರಿ ಕ್ಯಾಮೆರಾ ಬೇಕಾಗಿಲ್ಲ, ಹತ್ತಿರದಿಂದ ಸ್ಪಷ್ಟವಾಗಿ ಫೋಕಸ್ ಆಗೋ ಫೋನ್ ಸಾಕು. ಹೊಳಪಿಲ್ಲದ ನೀಲಿ ಅಥವಾ ಬೂದು ಬಟ್ಟೆ ಎರಡು ಮೀಟರು, ಅರಸು ರಸ್ತೆಯ ಯಾವ ಬಟ್ಟೆ ಅಂಗಡಿಯಲ್ಲಾದ್ರೂ ಸಿಗುತ್ತೆ, ಸ್ಯಾಟಿನ್ ಮಾತ್ರ ಬೇಡ. ಬಣ್ಣ ಸರಿಯಾಗಿದೆಯಾ ಅಂತ ಹೋಲಿಸೋಕೆ ಫೋಟೋಗ್ರಫಿಯವರು ಬಳಸೋ 18% ಗ್ರೇ ಕಾರ್ಡು ಒಂದು, ಸೆಂಟಿಮೀಟರ್ ಗುರುತಿರೋ ಕಾಗದದ ಪಟ್ಟಿ, ಗಾಜಿನ ಸ್ಲೈಡು, ಒಣ ಹತ್ತಿ ಬಟ್ಟೆ, ಇಲಾಖೆಯಲ್ಲಿ ಇದ್ರೆ ಡರ್ಮೋಸ್ಕೋಪು (ಚರ್ಮನ ದೊಡ್ಡದಾಗಿ ತೋರಿಸೋ ಬೆಳಕಿನ ಮಸೂರ) ಮತ್ತೆ ವುಡ್ಸ್ ಲ್ಯಾಂಪು (ಅತಿನೇರಳೆ ಬೆಳಕಿನ ದೀಪ). ಕನ್ನಡದ ಒಪ್ಪಿಗೆ ಪತ್ರದ ಹತ್ತು ಪ್ರತಿ, ಒಂದು ಇಂಕ್ ಪ್ಯಾಡು. ಫೋಟೋ ಇಡೋಕೆ ಪಾಸ್‌ವರ್ಡ್ ಹಾಕಿರೋ ಇಲಾಖೆಯದೇ ಹಾರ್ಡ್ ಡಿಸ್ಕು. ಇಷ್ಟನ್ನೂ ಒಂದು ಡಬ್ಬಿಗೆ ಹಾಕಿ ಓಪಿಡಿಯಲ್ಲೇ ಇಡಿ. ಹಾಸ್ಟೆಲ್ ರೂಮಲ್ಲಿಟ್ರೆ ಬೇಕಾದಾಗ ಸಿಗಲ್ಲ.

## ಹಂತ 1: ಕೇಸ್ ರಿಪೋರ್ಟಾ, ಸ್ಟಡಿನಾ ಅಂತ ಅವತ್ತೇ ತೀರ್ಮಾನಿಸಿ

ಒಬ್ಬ ರೋಗಿಯ ಕಥೆ ಆದ್ರೆ ಕೇಸ್ ರಿಪೋರ್ಟು, ಅದಕ್ಕೆ 2013ರಲ್ಲಿ ಬಂದ ಕೇರ್ ಚೆಕ್‌ಲಿಸ್ಟ್ ಇದೆ. ಜನರನ್ನ ಗಮನಿಸಿ ಲೆಕ್ಕ ಹಾಕೋ ಸ್ಟಡಿ ಆದ್ರೆ ಸ್ಟ್ರೋಬ್, ಔಷಧಿ ಕೊಟ್ಟು ಹೋಲಿಸೋ ರ‍್ಯಾಂಡಮೈಸ್ಡ್ ಟ್ರಯಲ್ ಆದ್ರೆ ಕನ್ಸಾರ್ಟ್. ಇವೆಲ್ಲ ಪುಕ್ಕಟೆ ಸಿಗುತ್ತೆ. ಎಲ್ಲರೂ ಮಾಡೋ ತಪ್ಪು ಅಂದ್ರೆ ಈ ಚೆಕ್‌ಲಿಸ್ಟನ್ನ ಸಬ್ಮಿಟ್ ಮಾಡೋ ರಾತ್ರಿ ತೆಗೆಯೋದು. ಅವತ್ತು ತೆಗೆದ್ರೆ ಗೊತ್ತಾಗುತ್ತೆ, ಕಾಯಿಲೆ ಶುರುವಾಗಿದ್ದು ಯಾವಾಗ, ಮುಂಚೆ ಯಾವ ಮುಲಾಮು ಹಚ್ಚಿದ್ರು, ಎಷ್ಟು ದಿನ, ಯಾವುದನ್ನೂ ಕೇಳೇ ಇಲ್ಲ ಅಂತ.

ಮುಲಾಮಿನ ವಿಷಯ ಇನ್ನೂ ಒತ್ತಿ ಹೇಳ್ತೀನಿ. ಹುಳುಕಡ್ಡಿ ಅಂತ ಬರೋ ಬಹಳ ಜನ ಮೆಡಿಕಲ್ ಸ್ಟೋರಿಂದ ಸ್ಟೆರಾಯ್ಡ್ ಬೆರೆತ ಕ್ರೀಮ್ ಹಚ್ಚಿಕೊಂಡೇ ಬಂದಿರ್ತಾರೆ, ಆಗ ಕಾಯಿಲೆಯ ಮುಖವೇ ಬದಲಾಗಿರುತ್ತೆ. "ಏನಾದ್ರೂ ಹಚ್ಚಿದ್ರಾ" ಅಂದ್ರೆ ಇಲ್ಲ ಅಂತಾರೆ. "ಮನೇಲಿರೋ ಟ್ಯೂಬನ್ನ ಮುಂದಿನ ಸಲ ತನ್ನಿ" ಅಂದ್ರೆ ಮೂರು ಟ್ಯೂಬು ತರ್ತಾರೆ. ಅದರ ಫೋಟೋನೂ ತೆಗೆದಿಟ್ಕೊಳ್ಳಿ.

## ಹಂತ 2: ಅನುಮತಿ ಮೊದಲು, ಆಮೇಲೆ ಉಳಿದಿದ್ದು

ಸ್ಟಡಿ ಆದ್ರೆ ಎಥಿಕ್ಸ್ ಕಮಿಟಿ ಒಪ್ಪಿಗೆಯ ತಾರೀಖು ಮೊದಲನೇ ರೋಗಿಯ ತಾರೀಖಿಗಿಂತ ಹಿಂದೆ ಇರ್ಲೇಬೇಕು. ಟ್ರಯಲ್ ಆದ್ರೆ ಜೊತೆಗೆ ಸಿಟಿಆರ್‌ಐ, ಅಂದ್ರೆ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಣಿ. 2018ರ ಏಪ್ರಿಲ್ 1ರಿಂದ ಮೊದಲ ರೋಗಿನ ಸೇರಿಸೋ ಮುಂಚೆನೇ ನೋಂದಣಿ ಆಗ್ಬೇಕು, ಆಮೇಲೆ ಹೋಗಿ ಮಾಡಿಸ್ತೀನಿ ಅಂದ್ರೆ ತಗೊಳ್ಳಲ್ಲ. ಎರಡು ವರ್ಷ ಕಷ್ಟಪಟ್ಟ ಥೀಸಿಸ್ಸು ಈ ಒಂದು ಕಾರಣಕ್ಕೆ ಜರ್ನಲ್ ಬಾಗಿಲಲ್ಲೇ ನಿಂತಿದ್ದು ನೋಡಿದೀನಿ. ಒಂದೇ ಕೇಸು ಆದ್ರೂ ನಿಮ್ಮ ಕಮಿಟಿ ಏನನ್ನುತ್ತೆ ಅಂತ ಬಾಯಿಮಾತಲ್ಲಿ ಕೇಳಿ ಸುಮ್ನಾಗ್ಬೇಡಿ, ಬರೆದು ಕೊಡಿ ಅಂತ ಕೇಳಿ.

ಈಗ ರೋಗಿಯ ಒಪ್ಪಿಗೆ. ಮದ್ದೂರು ಕಡೆಯ ಕಬ್ಬಿನ ಗದ್ದೆ ಕೂಲಿಯ ಹೆಂಗಸೊಬ್ರು ಫೋನ್ ಎತ್ತಿದ ತಕ್ಷಣ ಸೆರಗು ಎಳ್ಕೊಂಡು "ಡಾಕ್ಟ್ರಮ್ಮ, ಇದ್ನ ಟೀವಿಗೆ ಹಾಕ್ಬುಟ್ಟೀರಾ?" ಅಂತ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಅವರಿಗೆ ನಾಲ್ಕು ವಿಷಯ ಕನ್ನಡದಲ್ಲಿ, ಅವರ ಮಾತಲ್ಲೇ ಹೇಳ್ಬೇಕು: ಈ ಫೋಟೋ ಡಾಕ್ಟರುಗಳು ಓದೋ ಪತ್ರಿಕೆಯಲ್ಲಿ ಬರುತ್ತೆ, ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ಒಂದ್ಸಲ ಅಚ್ಚಾದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ, ಬೇಡ ಅಂದ್ರೆ ನಿಮ್ಮ ಟ್ರೀಟ್‌ಮೆಂಟಿಗೆ ಏನೂ ತೊಂದರೆ ಇಲ್ಲ. ಓದೋಕೆ ಬರದೇ ಇರೋರಿಗೆ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸ್ಕೊಂಡು, ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಸಹಿ ಹಾಕಿಸ್ಬೇಕು. ಮತ್ತೆ ಮನೆಗೆ ಹೋಗಿ ಮಾತಾಡ್ಕೊಂಡು ಬರ್ತೀನಿ ಅಂದ್ರೆ ಬಿಡಿ, ಮುಂದಿನ ಭೇಟಿಗೆ ಕೇಳಿ. ಆ ಮದ್ದೂರಿನ ಅಮ್ಮ ಹಾಗೇ ಹೋಗಿ ಸೊಸೆನ ಕರ್ಕೊಂಡು ಬಂದು ಒಪ್ಪಿದ್ರು.

ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದ್ರೆ ಗುರುತು ಮುಚ್ಚಿದ ಹಾಗೆ ಅಂತ ಈಗಲೂ ನಂಬಿರೋರು ಇದಾರೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ಅದು ಸಾಲದು ಅಂತ ಸ್ಪಷ್ಟವಾಗಿ ಹೇಳಿದೆ. ನಮ್ಮ ಕಡೆ ಇನ್ನೊಂದಿದೆ, ಹಚ್ಚೆ. ವಯಸ್ಸಾದ ಅಮ್ಮಂದಿರ ಮುಂಗೈ ಮೇಲೆ ಗಂಡನ ಹೆಸರೋ ತವರಿನವರ ಹೆಸರೋ ಇರುತ್ತೆ, ಊರವರು ಅದನ್ನ ನೋಡಿದ್ರೆ ಸಾಕು ಇಂಥೋರು ಅಂತ ಹೇಳಿಬಿಡ್ತಾರೆ. ತಾಳಿ, ಹೆಸರಿರೋ ಉಂಗುರ, ಹಿಂದೆ ಕಾಣೋ ಚೀಟಿ ಎಲ್ಲ ಫ್ರೇಮಿಂದ ಆಚೆ ಇರ್ಲಿ.

## ಹಂತ 3: ಯಾರನ್ನ ಸೇರಿಸ್ತಿದೀರ, ಯಾರು ಬಿಟ್ಟು ಹೋಗ್ತಿದಾರೆ

ಸ್ಟಡಿ ಮಾಡೋರಿಗೆ ಇದೇ ಜೀವಾಳ, ಸ್ವಲ್ಪ ನಿಧಾನಕ್ಕೆ ಓದಿ.

ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡದಿಂದ ಬರೋ ಅಲರ್ಜಿ ತಗೊಳ್ಳಿ. ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ನವೆ, ದಪ್ಪಗಾದ ಚರ್ಮ. ಭಾರತದಲ್ಲಿ ಬಂದಿರೋ ಬಹಳಷ್ಟು ವರದಿಗಳಲ್ಲಿ ಗಂಡಸರೇ ಹೆಚ್ಚು. ಆದ್ರೆ ಮಂಡ್ಯ ಸೀಮೆಯಲ್ಲಿ ಗದ್ದೆಯಲ್ಲಿ ಕೂತು ಕಳೆ ಕೀಳೋದು ಯಾರು? ಹೆಂಗಸರು. ಅವರಿಗೆ ಕಾಯಿಲೆ ಬರೋದೇ ಕಮ್ಮಿನಾ, ಇಲ್ಲ ಅವರು ಓಪಿಡಿಗೆ ಬರೋದು ಕಮ್ಮಿನಾ? ಓಪಿಡಿಗೆ ಬಂದವರನ್ನ ಮಾತ್ರ ಎಣಿಸಿದ್ರೆ ಈ ಪ್ರಶ್ನೆಗೆ ಯಾವತ್ತೂ ಉತ್ತರ ಸಿಗಲ್ಲ, ನಾವು ಬರೆದ ಅಂಕಿ ಮಾತ್ರ ಸತ್ಯ ಅಂತ ಕೂತುಬಿಡುತ್ತೆ.

ಓಪಿಡಿ ಬೆಳಿಗ್ಗೆ, ಕೂಲಿನೂ ಬೆಳಿಗ್ಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜು ಉಳೀತು ನಿಜ, ಆದ್ರೆ ಒಂದು ದಿನದ ಕೂಲಿ ಹೋಗೋದು ತಪ್ಪಲಿಲ್ಲ. ಅದಕ್ಕೆ ಪ್ರೋಟೋಕಾಲ್ ಬರೆಯೋವಾಗಲೇ, ಅಂದ್ರೆ ಸಿನಾಪ್ಸಿಸ್ (ಥೀಸಿಸ್ಸಿನ ರೂಪುರೇಷೆ) ಯೂನಿವರ್ಸಿಟಿಗೆ ಹೋಗೋ ಮುಂಚೆನೇ, ಇವನ್ನ ಸೇರಿಸಿ: ಫಾಲೋ ಅಪ್‌ಗೆ ಪಿಎಚ್‌ಸಿಯಲ್ಲೇ ಸಂಜೆ ಹೊತ್ತು ಒಂದು ತಾಸು, ಆಶಾ ಕಾರ್ಯಕರ್ತೆಯರ ಮೂಲಕ ಸುದ್ದಿ ಮುಟ್ಟಿಸೋದು, ಭೇಟಿಗೆ ಆದ ಖರ್ಚು ಕೊಡೋಕೆ ಬಜೆಟ್ಟಲ್ಲಿ ಒಂದು ಸಾಲು, ತೊಡೆ-ಎದೆ ಭಾಗ ನೋಡೋದಾದ್ರೆ ಲೇಡಿ ಡಾಕ್ಟರು. ಕಬ್ಬು ಕಡಿಯೋ ಸಮಯ, ನಾಟಿ ಸಮಯ ನೋಡ್ಕೊಂಡು ದಿನ ಇಟ್ಕೊಳ್ಳಿ. ಆಲೆಮನೆಯಲ್ಲಿ ಕೆಲಸ ಇರೋವಾಗ ಕರೆದ್ರೆ ಯಾರು ಬರ್ತಾರೆ?

ಸದ್ದಿಲ್ಲದೆ ಜನರನ್ನ ಆಚೆ ಹಾಕೋ ಇನ್ನೊಂದು ಜಾಗ ಅಂದ್ರೆ ಪ್ರಶ್ನಾವಳಿ. "ಓದು ಬರಹ ಬಲ್ಲವರು ಮಾತ್ರ" ಅಂತ ಒಂದು ಸಾಲು ಹಾಕಿದ್ರೆ ಮುಗೀತು, ನಿಮ್ಮ ಸ್ಟಡಿಯಿಂದ ಅರ್ಧ ಹಳ್ಳಿ ಹೋಯ್ತು. ಪ್ರಮಾಣೀಕರಿಸಿದ ಕನ್ನಡ ಆವೃತ್ತಿ ಇದ್ರೆ ಅನುಮತಿ ತಗೊಂಡು ಅದನ್ನೇ ಬಳಸಿ, ಓದಿ ಹೇಳಿ ಉತ್ತರ ಬರ್ಕೊಳ್ಳೋಕೆ ಪ್ರೋಟೋಕಾಲಲ್ಲೇ ಅವಕಾಶ ಇಡಿ. ಇಂಗ್ಲಿಷ್ ಪ್ರಶ್ನೆನ ನಿಂತ ನಿಲುವಲ್ಲಿ ಒಬ್ಬೊಬ್ಬ ಪಿಜಿ ಒಂದೊಂದು ಥರ ಕನ್ನಡಕ್ಕೆ ಮಾಡಿದ್ರೆ ಬರೋ ಅಂಕಿಗೆ ಬೆಲೆ ಇಲ್ಲ. ಮಾತುಗಳೂ ಸರಿಯಾಗಿರ್ಲಿ. ನವೆ ಬೇರೆ, ಉರಿ ಬೇರೆ, ಜೋಮು ಬೇರೆ. ಇಸುಬು, ಕಜ್ಜಿ, ಗಂಧೆ, ಬಂಗು, ಸಿಬ್ಬು ಅಂತ ಅವರು ಹೇಳೋ ಪದನ ಹಾಗೇ ಬರ್ಕೊಂಡು, ನಿಮ್ಮ ಡಯಾಗ್ನೋಸಿಸ್‌ನ ಪಕ್ಕದಲ್ಲಿ ಬರೀರಿ.

ಒಂದು ರಿಜಿಸ್ಟರ್ ಇಡಿ. ಯಾರನ್ನ ಕೇಳಿದ್ರಿ, ಯಾರು ಬೇಡ ಅಂದ್ರು, ಯಾಕೆ, ಯಾರು ಎರಡನೇ ಭೇಟಿಗೆ ಬರ್ಲಿಲ್ಲ. ಹೆಣ್ಣು ಗಂಡು ಎರಡೂ ಸೇರಿಸಿ ಒಂದೇ ಅಂಕಿ ಕೊಡೋ ಬದಲು ಬಿಡಿಸಿ ಕೊಡಿ, ಸಂಶೋಧನೆಯಲ್ಲಿ ಹೆಣ್ಣು ಗಂಡಿನ ವಿವರ ಹೇಗೆ ಕೊಡ್ಬೇಕು ಅಂತ ಹೇಳೋ 2016ರ ಸೇಜರ್ ಮಾರ್ಗಸೂಚಿ ಕೇಳೋದೂ ಅದನ್ನೇ. ಲಿಂಗತ್ವ ಅಲ್ಪಸಂಖ್ಯಾತರು ಬಂದ್ರೆ ಅವರನ್ನೇ ಕೇಳಿ ಬರ್ಕೊಳ್ಳಿ, ನೀವೇ ಊಹಿಸ್ಬೇಡಿ. ಜಾತಿ, ಧರ್ಮನ ಚರ್ಮದ ಗುಣ ಅನ್ನೋ ಹಾಗೆ ಟೇಬಲ್ಲಿಗೆ ಹಾಕ್ಬೇಡಿ. ಊರು, ಕೆಲಸ, ಬಿಸಿಲಲ್ಲಿ ಇರೋ ಗಂಟೆ, ಆಸ್ಪತ್ರೆಗೆ ಇರೋ ದೂರ, ಇವುಗಳಿಂದ ಓದುಗರಿಗೆ ಉಪಯೋಗ ಆಗುತ್ತೆ. "ದಕ್ಷಿಣ ಭಾರತೀಯರು" ಅನ್ನೋ ಒಂದು ಪದದಿಂದ ಏನೂ ತಿಳಿಯಲ್ಲ.

ಎಚ್ಚರಿಕೆಯ ಸೂಚನೆ: ಮೊದಲ 30 ಜನ ಸೇರಿದ ಮೇಲೆ ಪಟ್ಟಿ ನೋಡಿ. ಎಲ್ಲ ಸಿಟಿಯವರೇ, ಎಲ್ಲ ಡಿಗ್ರಿ ಆದವರೇ ಅಂತ ಕಂಡ್ರೆ ಅಲ್ಲೇ ನಿಲ್ಲಿಸಿ, ಕರೆಯೋ ರೀತಿ ಬದಲಿಸಿ, ಬದಲಾವಣೆನ ಎಥಿಕ್ಸ್ ಕಮಿಟಿಗೆ ತಿಳಿಸಿ ಮುಂದುವರೀರಿ.

## ಹಂತ 4: ಫೋಟೋ

ಅತಿ ಹೆಚ್ಚು ಕೇಸು ಸಾಯೋದು ಇಲ್ಲೇ.

ಮೊದಲು ಚರ್ಮ ನೋಡಿ. ಕೊಬ್ಬರಿ ಎಣ್ಣೆ ಹಚ್ಚಿದಾರಾ, ಅರಿಶಿನ ಹಚ್ಚಿದಾರಾ, ವಿಭೂತಿ ಇದೆಯಾ. ಎಣ್ಣೆ ಇದ್ರೆ ಕಂದು ಚರ್ಮ ಮಿಂಚಿ ಬಿಳೀ ಚುಕ್ಕೆ ಬೀಳುತ್ತೆ, ಮೇಲಿನ ಹೊಟ್ಟು ಮಾಯ ಆಗುತ್ತೆ, ಸೋರಿಯಾಸಿಸ್ ಫೋಟೋಲಿ ಹೊಟ್ಟೇ ಇಲ್ಲದ ಹಾಗೆ ಕಾಣುತ್ತೆ. ಒಣ ಹತ್ತಿ ಬಟ್ಟೆಯಲ್ಲಿ ಮೆತ್ತಗೆ ಒತ್ತಿ ತೆಗೀರಿ, ಉಜ್ಜಬೇಡಿ, ಉಜ್ಜಿದ್ರೆ ಹೊಟ್ಟು ಉದುರುತ್ತೆ, ಬಣ್ಣನೂ ಬದಲಾಗುತ್ತೆ. ಎಣ್ಣೆ ಹೋಗಲಿಲ್ಲ ಅಂದ್ರೆ "ನಾಳೆ ಏನೂ ಹಚ್ಚದೆ ಬನ್ನಿ" ಅನ್ನೋ ಬದಲು ಆ ದಿನದ ಫೋಟೋನೂ ತೆಗೆದಿಟ್ಕೊಳ್ಳಿ, ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ಬೆಳಕಿಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗ. ಟ್ಯೂಬ್‌ಲೈಟ್ ಆರಿಸಿ, ಎರಡು ಥರ ಬೆಳಕು ಸೇರಿದ್ರೆ ಬಣ್ಣ ಕೆಡುತ್ತೆ. ಹಿಂದೆ ಬಿಳಿ ಬೆಡ್‌ಶೀಟ್ ಇದ್ರೆ ಫೋನು ಆ ಬಿಳುಪನ್ನ ನೋಡಿ ಇಡೀ ಚಿತ್ರನ ಕಪ್ಪು ಮಾಡುತ್ತೆ, ತೀರಾ ಕಪ್ಪು ಬಟ್ಟೆ ಇದ್ರೆ ಚರ್ಮನ ಬೆಳ್ಳಗೆ ಮಾಡುತ್ತೆ. ಅದಕ್ಕೇ ನೀಲಿ ಇಲ್ಲ ಬೂದು ಬಟ್ಟೆ. ಬ್ಯೂಟಿ ಮೋಡ್, ಪೋರ್ಟ್ರೇಟ್ ಮೋಡ್, ಫಿಲ್ಟರ್ ಎಲ್ಲ ಆಫ್. ಬಹಳ ಫೋನುಗಳಲ್ಲಿ ಬ್ಯೂಟಿ ಮೋಡ್ ತಾನಾಗೇ ಆನ್ ಇರುತ್ತೆ, ಮುಖದ ಬಂಗನ್ನ ನಯವಾಗಿ ಒರೆಸಿಬಿಡುತ್ತೆ. ಫೋನಿನ ಪರದೆಯಲ್ಲಿ ಗಾಯ ಕಾಣೋ ಜಾಗದ ಮೇಲೆ ಬೆರಳಿಟ್ಟು ಫೋಕಸ್ ಮತ್ತೆ ಬೆಳಕು ಲಾಕ್ ಮಾಡಿ.

ತೆಗೆಯೋ ಕ್ರಮ: ಮೊದಲು ಗ್ರೇ ಕಾರ್ಡ್ ಚರ್ಮದ ಪಕ್ಕ ಇಟ್ಟು ಒಂದು. ಆಮೇಲೆ ದೂರದಿಂದ, ಯಾವ ಅಂಗ ಅಂತ ಗೊತ್ತಾಗೋ ಹಾಗೆ. ಆಮೇಲೆ ಮಧ್ಯಮ ದೂರ, ಗಾಯದ ಜೊತೆ ಪಕ್ಕದ ಆರೋಗ್ಯವಾದ ಚರ್ಮನೂ ಕಾಣೋ ಹಾಗೆ. ಆಮೇಲೆ ಹತ್ತಿರದಿಂದ, ಅಳತೆ ಪಟ್ಟಿ ಇಟ್ಟು. ಕೊನೆಗೆ ಮರೆಯಲೇಬಾರದ ಒಂದು, ಇನ್ನೊಂದು ಕೈಯೋ ಕಾಲೋ, ಕಾಯಿಲೆ ಇಲ್ಲದ ಕಡೆಯ ಅದೇ ಜಾಗ. ಈ ರೋಗಿಯ ಸಹಜ ಬಣ್ಣ ಏನು, ಕಾಯಿಲೆಯಿಂದ ಎಷ್ಟು ಬದಲಾಗಿದೆ ಅಂತ ಓದೋರಿಗೆ ತೋರಿಸೋದು ಅದೇ ಚಿತ್ರ.

ಮೂಲ ಫೈಲು ಮುಟ್ಟಬೇಡಿ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಕುಗ್ಗಿಸಿಬಿಡುತ್ತೆ, ಆಮೇಲೆ ಜರ್ನಲ್ 300 ಡಿಪಿಐ ಕೇಳ್ದಾಗ ದೊಡ್ಡದು ಮಾಡಿದ್ರೆ ಮಸುಕು ದೊಡ್ಡದಾಗುತ್ತೆ ಅಷ್ಟೇ. ಕೇಬಲ್ ಹಾಕಿ ಹಾರ್ಡ್ ಡಿಸ್ಕಿಗೆ ಹಾಕಿ, ಫೋನಿನಿಂದ ಅಳಿಸಿ, ಗ್ಯಾಲರಿ ತಾನಾಗೇ ಕ್ಲೌಡಿಗೆ ಹೋಗೋದನ್ನ ಮೊದಲೇ ನಿಲ್ಲಿಸಿರಿ. ರೋಗಿಯ ಫೋಟೋನ ಕಂಡಕಂಡ ಆಪಿಗೆ ಹಾಕಿ ಡಯಾಗ್ನೋಸಿಸ್ ಕೇಳೋ ಅಭ್ಯಾಸನೂ ಬಿಡಿ, ಒಪ್ಪಿಗೆ ಪತ್ರದಲ್ಲಿ ಅದಿಲ್ಲ. ಬ್ರೈಟ್‌ನೆಸ್ ಏರಿಸಿ "ಚೆನ್ನಾಗಿ ಕಾಣೋ ಹಾಗೆ" ಮಾಡೋದಂತೂ ಬೇಡವೇ ಬೇಡ. ಕಂದು ಚರ್ಮ ತೋರಿಸ್ಬೇಕು ಅಂತ ಹೊರಟು ಅದನ್ನೇ ಬೆಳ್ಳಗೆ ಮಾಡಿ ಕಳಿಸಿದ ಹಾಗಾಗುತ್ತೆ.

## ಹಂತ 5: ಚರ್ಮದ ಬಣ್ಣನ ಬರ್ಕೊಳ್ಳೋದು

ಎಲ್ಲರೂ ಕಣ್ಣಲ್ಲಿ ನೋಡಿ "ಫಿಟ್ಸ್‌ಪ್ಯಾಟ್ರಿಕ್ 4" ಅಂತ ಬರೆದು ಮುಂದೆ ಹೋಗ್ತಾರೆ. ಫಿಟ್ಸ್‌ಪ್ಯಾಟ್ರಿಕ್ ಅಳತೆ 1975ರಲ್ಲಿ ಬಂದಿದ್ದು ಬಿಸಿಲಿಗೆ ಚರ್ಮ ಸುಡುತ್ತಾ ಕಪ್ಪಾಗುತ್ತಾ ಅಂತ ಕೇಳಿ ಪುವಾ ಚಿಕಿತ್ಸೆಯ (ಔಷಧಿ ಕೊಟ್ಟು ಅತಿನೇರಳೆ ಕಿರಣ ಹಾಯಿಸೋದು) ಡೋಸ್ ನಿರ್ಧರಿಸೋಕೆ. ಮೊದಲು ಬಿಳಿಯರಿಗೆ ಅಂತ ನಾಲ್ಕೇ ದರ್ಜೆ ಇತ್ತು, 5 ಮತ್ತೆ 6 ಆಮೇಲೆ ಸೇರಿದ್ದು. ನಮ್ಮ ರೈತರಿಗೆ "ಬಿಸಿಲಲ್ಲಿ ನಿಂತ್ರೆ ಮೈ ಸುಡುತ್ತಾ" ಅಂತ ಕೇಳಿ, "ಬಿಸ್ಲಲ್ಲೇ ಅಲ್ವಾ ನಾವ್ ಇರೋದು" ಅಂತಾರೆ. ಉತ್ತರ ತಪ್ಪಲ್ಲ, ಆ ಪ್ರಶ್ನೆ ಅವರಿಗೆ ಅಂತ ಮಾಡಿದ್ದೇ ಅಲ್ಲ.

ಆದ್ರೂ ಜರ್ನಲ್ ಕೇಳುತ್ತೆ, ಬರೀರಿ, ಆದ್ರೆ ಜೊತೆಗೆ ಬಣ್ಣವನ್ನೇ ನೇರವಾಗಿ ಹೋಲಿಸೋ ಅಳತೆ ಒಂದು ಸೇರಿಸಿ. 2022ರಲ್ಲಿ ಗೂಗಲ್ ಬಿಡುಗಡೆ ಮಾಡಿದ ಮಾಂಕ್ ಸ್ಕೇಲಲ್ಲಿ 10 ಬಣ್ಣ ಇದೆ, ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ್ದು, ಪುಕ್ಕಟೆ ಬಳಸ್ಬಹುದು. ತೋಳಿನ ಒಳಭಾಗ, ಬಿಸಿಲು ಬೀಳದ ಜಾಗ ಒಂದು ಸಲ, ಮುಂಗೈ ಹೊರಭಾಗ ಒಂದು ಸಲ. ಇಬ್ಬರು ಬೇರೆ ಬೇರೆ ನೋಡಿ ಬರ್ಕೊಂಡು ಆಮೇಲೆ ಹೋಲಿಸಿದ್ರೆ ಇನ್ನೂ ಒಳ್ಳೇದು. ಬಣ್ಣ ಅಳೆಯೋ ಯಂತ್ರ, ಕಲರಿಮೀಟರ್ ಇರೋ ಇಲಾಖೆ ಆದ್ರೆ ಅದರ ರೀಡಿಂಗೇ ತಗೊಳ್ಳಿ. ಎಣ್ಣೆಗೆಂಪು, ಸಾದಗಪ್ಪು, ಗೋಧಿ ಬಣ್ಣ ಅನ್ನೋದೆಲ್ಲ ಮದುವೆ ಮಾತುಕತೆಗೆ, ಕೇಸ್ ಶೀಟಿಗಲ್ಲ.

## ಹಂತ 6: ಕಂಡಿದ್ದನ್ನ ಕಂಡ ಹಾಗೆ ಬರೆಯೋದು

ಬಿಳಿ ಚರ್ಮದ ಮೇಲೆ ಕೆಂಪಾಗಿ ಕಾಣೋ ಉರಿಯೂತ ನಮ್ಮ ಚರ್ಮದಲ್ಲಿ ನೇರಳೆ, ಗಾಢ ಕಂದು, ಒಂದೊಂದು ಸಲ ಬೂದಿಯ ಹಾಗೆ ಕಾಣುತ್ತೆ. ಸೋರಿಯಾಸಿಸ್ ಮಚ್ಚೆ ನೇರಳೆ, ಮೇಲೆ ಬೂದು ಹೊಟ್ಟು. ಲೈಕನ್ ಪ್ಲೇನಸ್ ಸ್ಲೇಟಿನ ಬಣ್ಣಕ್ಕೋ ಕಪ್ಪು ಕಂದಿಗೋ ತಿರುಗಿರುತ್ತೆ. ಅಟೋಪಿಕ್ ಎಕ್ಸಿಮಾದಲ್ಲಿ ಕೂದಲ ಬುಡದಲ್ಲಿ ಸಣ್ಣ ಗುಳ್ಳೆಗಳು ಎದ್ದು ಕಾಣ್ತವೆ, ಮತ್ತೆ ಕಾಯಿಲೆ ವಾಸಿ ಆದ್ಮೇಲೆ ಉಳಿಯೋ ಕಪ್ಪು ಕಲೆ ಎಷ್ಟೋ ಜನಕ್ಕೆ ಕಾಯಿಲೆಗಿಂತ ದೊಡ್ಡ ಚಿಂತೆ, ಅದನ್ನೂ ಫಲಿತಾಂಶವಾಗಿ ಅಳೀರಿ.

ಕೆಂಪು ಹುಡುಕಿ ಸಿಗದಿದ್ರೆ ಕೈ ಬಳಸಿ. ಬಿಸಿ ಇದೆಯಾ, ಊತ ಇದೆಯಾ, ಸ್ಲೈಡ್ ಒತ್ತಿದ್ರೆ ಬಣ್ಣ ಮಾಸುತ್ತಾ, ಪಕ್ಕದ ಚರ್ಮಕ್ಕೂ ಇದಕ್ಕೂ ವ್ಯತ್ಯಾಸ ಏನು. ಸೋರಿಯಾಸಿಸ್, ಎಕ್ಸಿಮಾ ಎಷ್ಟು ಜೋರಾಗಿದೆ ಅಂತ ಅಳೆಯೋ ಪಾಸಿ, ಈಸಿ ಥರದ ಸ್ಕೋರುಗಳಲ್ಲಿ ಕೆಂಪಿಗೆ ಅಂಕ ಇದೆ, ನಮ್ಮ ರೋಗಿಗಳಿಗೆ ಆ ಅಂಕ ಕಮ್ಮಿ ಬಿದ್ದು ಕಾಯಿಲೆ ಸಣ್ಣದು ಅಂತ ಕಾಣೋ ಅಪಾಯ ಇದೆ. ಕೆಂಪನ್ನ ಹೇಗೆ ಅಳೆದ್ರಿ ಅಂತ ಮೆಥಡ್ಸಲ್ಲಿ ಎರಡು ಸಾಲು ಬರೀರಿ. ತಿಳಿ ಬಣ್ಣದ ಮಚ್ಚೆ ಕಂಡ್ರೆ ತೊನ್ನೋ ಸಿಬ್ಬೋ ಅಂತ ತೀರ್ಮಾನಿಸೋ ಮುಂಚೆ ಸ್ಪರ್ಶ ನೋಡಿ, ಜೋಮು ಇದ್ರೆ ಅದು ಕುಷ್ಠದ ದಾರಿ, ಪೇಪರು ಆಮೇಲೆ, ಚಿಕಿತ್ಸೆ ಅವತ್ತೇ.

## ಹಂತ 7: ಜರ್ನಲ್ ಆರಿಸೋದು, ಹೆಸರು ಹಾಕೋದು

ಭಾರತದ ಚರ್ಮರೋಗ ತಜ್ಞರಾದ ನಮ್ಮ ಸಂಘ ಐಎಡಿವಿಎಲ್‌ನ ಜರ್ನಲ್ ಐಜೆಡಿವಿಎಲ್ ಇದೆ, ಇಂಡಿಯನ್ ಡರ್ಮಟಾಲಜಿ ಆನ್‌ಲೈನ್ ಜರ್ನಲ್ ಇದೆ. ಇಲ್ಲಿ ಓದೋರಿಗೆ ನಮ್ಮ ಚರ್ಮದ ಪರಿಚಯ ಇದೆ. ಹೊರದೇಶದ ಜರ್ನಲ್ಲಿಗೂ ಕಳಿಸ್ಲೇಬೇಕು, ಯಾಕಂದ್ರೆ ಕೊರತೆ ಇರೋದು ಅಲ್ಲೇ. ಕವರ್ ಲೆಟರಲ್ಲಿ ಚಿತ್ರಗಳು ಯಾವ ಬಣ್ಣದ ಚರ್ಮದ್ದು, ಈಗ ಸಿಗೋ ವಿವರಣೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಎರಡೇ ವಾಕ್ಯದಲ್ಲಿ ಹೇಳಿ. ಫೀಸು ಎಷ್ಟು, ಮನ್ನಾ ಇದೆಯಾ ಅಂತ ಸಬ್ಮಿಟ್ ಮಾಡೋ ಮುಂಚೆನೇ ಮೇಲ್ ಹಾಕಿ, ಇಂಡಿಯಾದವರಿಗೆ ತಾನಾಗೇ ಮನ್ನಾ ಆಗುತ್ತೆ ಅಂದ್ಕೋಬೇಡಿ.

ಮೋಸದ ಜರ್ನಲ್ಲಿನ ಗುರುತು: ಕರೆಯದೆ ಬರೋ ಹೊಗಳಿಕೆಯ ಮೇಲು, ಮೂರೇ ದಿನದಲ್ಲಿ ಒಪ್ಪಿಗೆ, ರಿವ್ಯೂ ಇಲ್ಲದೆ ಫೀಸು, ಚರ್ಮರೋಗದಿಂದ ಸಿವಿಲ್ ಎಂಜಿನಿಯರಿಂಗ್‌ವರೆಗೆ ಎಲ್ಲ ತಗೊಳ್ಳೋದು. ಪುಕ್ಕಟೆ ಓದೋಕೆ ಸಿಗೋ (ಓಪನ್ ಆಕ್ಸೆಸ್) ಜರ್ನಲ್ ಆದ್ರೆ ಅಂಥವುಗಳ ಡಿಒಎಜೆ ಪಟ್ಟಿಯಲ್ಲಿದೆಯಾ ನೋಡಿ.

ಐಸಿಎಂಜೆಇ ಪ್ರಕಾರ ಲೇಖಕರು ಅಂದ್ರೆ ಕೆಲಸದಲ್ಲಿ ಗಣನೀಯ ಪಾಲು, ಬರೆಯೋದು ಅಥವಾ ತಿದ್ದೋದು, ಕೊನೆಯ ಪ್ರತಿಗೆ ಒಪ್ಪಿಗೆ, ಹೊಣೆಗಾರಿಕೆ, ಈ ನಾಲ್ಕೂ ಇರ್ಬೇಕು. ಗೌರವಕ್ಕೆ ಹೆಸರು ಸೇರಿಸೋ ಪದ್ಧತಿಯಿಂದ ನಿಜವಾಗಿ ದುಡಿದವರು ಕೆಳಗೆ ಹೋಗ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಸು ಹಿಡಿದು, ಆರು ತಿಂಗಳು ಫಾಲೋ ಅಪ್ ಮಾಡಿ ಕಳಿಸಿದ ಡಾಕ್ಟರಿಗೆ ಡ್ರಾಫ್ಟ್ ಕಳಿಸಿ, ತಿದ್ದೋ ಅವಕಾಶ ಕೊಡಿ, ಲೇಖಕರಾಗಿ ಸೇರಿಸಿ. ಕೊನೆಗೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸ್ಬೇಡಿ.

## ಹಂತ 8: ರಿವ್ಯೂ ಬಂದಾಗ

ನನ್ನದೇ ಒಂದು ಪೇಪರಿಗೆ "ಚಿತ್ರದಲ್ಲಿ ಕೆಂಪು ಕಾಣ್ತಿಲ್ಲ, ಉರಿಯೂತ ಇದೆ ಅನ್ನೋದು ಒಪ್ಪೋಕಾಗಲ್ಲ" ಅಂತ ಬಂತು. ಎರಡು ದಿನ ಸಂಕಟ ಆಯ್ತು. ಆಮೇಲೆ ಕೂತು ನೋಡಿದ್ರೆ ನಾನು ಪಕ್ಕದ ಆರೋಗ್ಯ ಚರ್ಮದ ಚಿತ್ರ ಹಾಕೇ ಇರಲಿಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ನೇರಳೆ ಅಂಚಿಗೆ ಬಾಣ ಹಾಕಿ, ಡರ್ಮೋಸ್ಕೋಪಿ ಮತ್ತೆ ಬಯಾಪ್ಸಿ ಸೇರಿಸಿ, ಕಂದು ಚರ್ಮದಲ್ಲಿ ಇದು ಹೀಗೆ ಕಾಣುತ್ತೆ ಅಂತ ವಿನಯವಾಗಿ ಬರೆದೆ. ಒಪ್ಪಿದ್ರು. ರಿವ್ಯೂವರ್ ಒಂದೊಂದು ಮಾತಿಗೂ ಒಂದೊಂದು ಉತ್ತರ, ಯಾವ ಪುಟ ಯಾವ ಸಾಲು ಬದಲಾಯ್ತು ಅಂತ ಗುರುತು ಸಮೇತ. ಭಾಷೆ ತಿದ್ದಿ ಅಂದ್ರೆ ಬೇಜಾರಾಗ್ಬೇಡಿ, ಇಂಗ್ಲಿಷ್ ಚೆನ್ನಾಗಿರೋ ಸಹೋದ್ಯೋಗಿಗೆ ತೋರಿಸಿ. ಬಣ್ಣದ ವಿವರಣೆನ ಮಾತ್ರ ಅವರು ಹೇಳಿದ ಹಾಗೆ ಗುಲಾಬಿಗೆ ಬದಲಿಸ್ಬೇಡಿ.

## ಹಂತ 9: ಅಚ್ಚಾದ ಮೇಲೆ

ಓರ್ಕಿಡ್ ಐಡಿ (ಸಂಶೋಧಕರಿಗೆ ಕೊಡೋ ಗುರುತಿನ ಸಂಖ್ಯೆ) ಇಲ್ಲದಿದ್ರೆ ಮಾಡಿಸಿ, ಅದೇ ಜರ್ನಲ್ಲಿಗೆ ರಿವ್ಯೂವರ್ ಆಗ್ತೀನಿ ಅಂತ ಬರೀರಿ. ಮೊದಮೊದಲು ಸೀನಿಯರ್ ಜೊತೆ ಸೇರಿ, ಸಂಪಾದಕರಿಗೆ ತಿಳಿಸಿ ಮಾಡಿ. ರಿವ್ಯೂ ಮಾಡೋವಾಗ ಮೂರು ವಿಷಯ ತಪ್ಪದೆ ಕೇಳಿ: ಸ್ಟಡಿಯಲ್ಲಿ ಯಾವ ಬಣ್ಣದ ಚರ್ಮದವರು ಎಷ್ಟು ಜನ, ಚಿತ್ರಗಳಲ್ಲಿ ಅವರೆಲ್ಲ ಇದಾರಾ, ಬರದೇ ಇದ್ದವರು ಯಾರು. ನಮ್ಮ ಕಡೆಯ ಪೇಪರಿಗೂ ಇದೇ ಪ್ರಶ್ನೆ ಕೇಳ್ಬೇಕು, ಬೆಂಗಳೂರಿನ ಪ್ರೈವೇಟ್ ಕ್ಲಿನಿಕ್ಕಿನ ರೋಗಿಗಳನ್ನ ಮಾತ್ರ ಸೇರಿಸಿ ಇಡೀ ಭಾರತ ಅಂತ ಬರೆಯೋರೂ ಇದಾರೆ.

ರೋಗಿಗೆ ಒಂದು ಪ್ರತಿ ಕೊಡಿ, ಏನು ಬರೆದಿದೀವಿ ಅಂತ ಕನ್ನಡದಲ್ಲಿ ಹೇಳಿ. ಮದ್ದೂರಿನ ಅಮ್ಮನಿಗೆ ಅಚ್ಚಾದ ಪುಟ ತೋರಿಸಿದಾಗ ತಮ್ಮ ಕೈನ ತಾವೇ ಹುಡುಕಿ, "ಇದು ನಂದೇ ಅಂತ ಯಾರ್ಗೂ ತಿಳಿಯಲ್ಲ ಬುಡಿ" ಅಂತ ಸೊಸೆ ಕಡೆ ತಿರುಗಿ ತೋರಿಸಿದ್ರು.

ಕೊನೆ ವರ್ಷದ ಪಿಜಿಗಳು ಪರೀಕ್ಷೆ ಮುಗಿಸಿ ಹೋಗೋ ಮುಂಚೆ ಡಬ್ಬಿ, ಹಾರ್ಡ್ ಡಿಸ್ಕು, ಒಪ್ಪಿಗೆ ಪತ್ರದ ಫೈಲು, ರಿಜಿಸ್ಟರು ನಾಲ್ಕನ್ನೂ ಜೂನಿಯರ್‌ಗೆ ಸಹಿ ಹಾಕಿಸ್ಕೊಂಡು ಕೊಡಿ, ಪಾಸ್‌ವರ್ಡ್ ಸಮೇತ.